ಬ್ರೌಸರ್ ಟೆಸ್ಟ್‌ನಿಂದ ಸರ್ವರ್‌ಗೆ ಒಂದು ಹಿಂಬಾಗಿಲು

ಇವತ್ತಿನ ಮಾತು ವೆಬ್ ಡೆವಲಪ್‌ಮೆಂಟ್ ಕೆಲಸದಲ್ಲಿ ಇರೋರಿಗೆ, ಅದರಲ್ಲೂ ಟೆಸ್ಟ್ ಬರೆಯೋರಿಗೆ.

ಒಂದು ಆನ್‌ಲೈನ್ ಅಂಗಡಿ ಅಂದ್ಕೊಳ್ಳಿ. ವಸ್ತು ಕೈಸೇರಿ 30 ದಿನ ಕಳೆದ ಮೇಲೆ ‘ವಾಪಸ್ ಮಾಡಿ’ ಅನ್ನೋ ಬಟನ್ ಕಾಣಬಾರದು. ನಿಯಮ ಇಷ್ಟೇ. ಇದನ್ನ ಬ್ರೌಸರ್ ಟೆಸ್ಟ್‌ನಲ್ಲಿ ಹೇಗೆ ನೋಡ್ತೀರಿ? ಬ್ರೌಸರ್ ಟೆಸ್ಟ್ ಅಂದ್ರೆ, ನಮ್ಮ ಬದಲು ಒಂದು ಪ್ರೋಗ್ರಾಂ ಬ್ರೌಸರ್ ತೆರೆದು, ಕ್ಲಿಕ್ ಮಾಡಿ, ಪರದೆ ಮೇಲೆ ಏನು ಬಂತು ಅಂತ ನೋಡುತ್ತೆ. 2004ರಲ್ಲಿ ಸೆಲೆನಿಯಂನಿಂದ ಶುರುವಾಗಿ ಇವತ್ತಿನ ಸೈಪ್ರೆಸ್, ಪ್ಲೇರೈಟ್‌ವರೆಗೂ ಕೆಲಸ ಇದೇ. ಆದರೆ ಆ ಪ್ರೋಗ್ರಾಂ 30 ದಿನ ಕಾಯೋಕಾಗಲ್ಲವಲ್ಲ!

ಸೈಪ್ರೆಸ್‌ನಲ್ಲಿ ‘ಕ್ಲಾಕ್’ ಅಂತ ಒಂದು ಕಮಾಂಡ್ ಇದೆ. ಅದಕ್ಕೇ ಮೊದಲು ಕೈ ಹಾಕೋಣ ಅನ್ನಿಸುತ್ತೆ. ಅದು ತಿರುಗಿಸೋದು ಬ್ರೌಸರ್ ಒಳಗಿನ ಗಡಿಯಾರವನ್ನ ಮಾತ್ರ. ವಾಪಸ್ ಅವಧಿ ಮುಗಿದಿದೆಯೋ ಇಲ್ಲವೋ ಅಂತ ತೀರ್ಮಾನಿಸೋದು ಸರ್ವರ್. ಅದರ ಗಡಿಯಾರ ತನ್ನ ಪಾಡಿಗೆ ತಾನು ಓಡ್ತಿರುತ್ತೆ. ಹಾಗಾಗಿ ‘31 ದಿನದ ಹಿಂದೆ ತಲುಪಿದ ಒಂದು ಆರ್ಡರ್ ತಯಾರು ಮಾಡಪ್ಪಾ’ ಅಂತ ಸರ್ವರ್ ಕಡೆಗೇ ಹೇಳಬೇಕು.

ಸೈಪ್ರೆಸ್ ಟೆಸ್ಟ್ ಓಡೋದು ಬ್ರೌಸರ್ ಒಳಗೇ. ಬ್ರೌಸರ್ ನೇರವಾಗಿ ಡೇಟಾಬೇಸ್ ಮುಟ್ಟೋ ಹಾಗಿಲ್ಲ. ಅದಕ್ಕೆ ‘ಟಾಸ್ಕ್’ ಅನ್ನೋ ಕಮಾಂಡ್ ಕೊಟ್ಟಿದ್ದಾರೆ. ಪಕ್ಕದಲ್ಲೇ ಓಡ್ತಿರೋ ನೋಡ್ ಪ್ರೋಸೆಸ್‌ಗೆ ಅದು ಕೆಲಸ ಒಪ್ಪಿಸುತ್ತೆ. ಕಳಿಸೋದು, ಬರೋದು ಎರಡೂ ಜೇಸನ್ ಆಗುವಂಥ ಡೇಟಾ ಆಗಿರಬೇಕು. ಕೊಡೋಕೆ ಏನೂ ಇಲ್ಲದಿದ್ರೂ ‘ನಲ್’ ಆದ್ರೂ ಹಿಂತಿರುಗಿಸಬೇಕು, ಇಲ್ಲಾಂದ್ರೆ ಟೆಸ್ಟ್ ಬೀಳುತ್ತೆ. ಪ್ಲೇರೈಟ್‌ನಲ್ಲಿ ಈ ತಾಪತ್ರಯ ಇಲ್ಲ, ಟೆಸ್ಟ್ ಕೋಡ್ ನೋಡ್‌ನಲ್ಲೇ ಇರುತ್ತೆ.

ಸರಿ, ನೋಡ್‌ನಿಂದ ಟೇಬಲ್‌ಗೆ ಒಂದು ಸಾಲು ತುರುಕಿದ್ರೆ ಮುಗೀತಾ? ನಿಮ್ಮ ಆ್ಯಪ್ ರೇಲ್ಸ್‌ನಲ್ಲೋ ಜ್ಯಾಂಗೋದಲ್ಲೋ ಇದ್ರೆ, ಆರ್ಡರ್ ಹೇಗಿರಬೇಕು ಅನ್ನೋ ನಿಯಮಗಳೆಲ್ಲ ಆ ಕೋಡ್‌ನಲ್ಲಿವೆ. ನೇರ ಎಸ್‌ಕ್ಯೂಎಲ್ ಅವನ್ನೆಲ್ಲ ದಾಟಿಕೊಂಡು ಹೋಗುತ್ತೆ. ನಿಜ ಜೀವನದಲ್ಲಿ ಹುಟ್ಟೋಕೇ ಸಾಧ್ಯವಿಲ್ಲದ ಆರ್ಡರ್ ಮೇಲೆ ಟೆಸ್ಟ್ ಪಾಸ್ ಆಗಿ ಏನು ಪ್ರಯೋಜನ? ಅದಕ್ಕೇ ‘ಸೈಪ್ರೆಸ್ ಆನ್ ರೇಲ್ಸ್’ ಥರದ ಜೆಮ್‌ಗಳು ಹುಟ್ಟಿದ್ದು. ಟೆಸ್ಟ್ ಒಂದು ವಿಳಾಸಕ್ಕೆ ರಿಕ್ವೆಸ್ಟ್ ಕಳಿಸುತ್ತೆ, ಆ್ಯಪ್ ಒಳಗೇ ರೂಬಿ ಕೋಡ್ ಓಡುತ್ತೆ.

ಇಲ್ಲೊಂದು ಗುಂಡಿ ಇದೆ, ಹುಷಾರು. ಯೂನಿಟ್ ಟೆಸ್ಟ್‌ಗಳಲ್ಲಿ ಟ್ರಾನ್ಸಾಕ್ಷನ್ ಶುರು ಮಾಡಿ ಕೊನೆಗೆ ರೋಲ್‌ಬ್ಯಾಕ್ ಮಾಡೋ ಅಭ್ಯಾಸ ನಮಗೆಲ್ಲ ಇದೆ. ಬೇರೆ ಪ್ರೋಸೆಸ್‌ನಿಂದ ಹಾಗೆ ಮಾಡಿದ್ರೆ, ಕಮಿಟ್ ಆಗದ ಸಾಲು ಸರ್ವರ್‌ಗೆ ಕಾಣೋದೇ ಇಲ್ಲ. 2017ರ ರೇಲ್ಸ್ 5.1 ಇದಕ್ಕೊಂದು ಉಪಾಯ ಮಾಡ್ತು: ಸಿಸ್ಟಮ್ ಟೆಸ್ಟ್‌ಗಳಲ್ಲಿ ಟೆಸ್ಟ್ ಥ್ರೆಡ್, ಸರ್ವರ್ ಥ್ರೆಡ್ ಎರಡೂ ಒಂದೇ ಡೇಟಾಬೇಸ್ ಕನೆಕ್ಷನ್ ಹಂಚಿಕೊಳ್ಳುತ್ತವೆ. ಎರಡೂ ಒಂದೇ ಪ್ರೋಸೆಸ್‌ನಲ್ಲಿರೋದ್ರಿಂದ ಅದು ಸಾಧ್ಯ. ಜ್ಯಾಂಗೋದ ಲೈವ್ ಸರ್ವರ್ ಟೆಸ್ಟ್ ಪ್ರತಿ ಸಲ ಟೇಬಲ್‌ಗಳನ್ನೇ ಖಾಲಿ ಮಾಡುತ್ತೆ, ಸ್ವಲ್ಪ ನಿಧಾನ. ನೋಡ್‌ನಿಂದ ಬರೋರಿಗೆ ಕಮಿಟ್ ಮಾಡಿ, ಆಮೇಲೆ ಗುಡಿಸೋದೊಂದೇ ದಾರಿ.

ಈಗ ನನಗೆ ನಿಜವಾಗಿ ಭಯ ಹುಟ್ಟಿಸೋ ವಿಷಯ. ಕಳಿಸಿದ ಕೋಡನ್ನೆಲ್ಲ ಹಾಗೇ ಓಡಿಸೋ ವಿಳಾಸ ಒಂದು ಸರ್ವರ್‌ನಲ್ಲಿದೆ ಅಂದ್ರೆ, ಅಲ್ಲಿಗೆ ತಲುಪಿದ ಯಾರು ಬೇಕಾದ್ರೂ ಆ ಯಂತ್ರದ ಯಜಮಾನ. ಪ್ರೊಡಕ್ಷನ್‌ನಲ್ಲಿ ಅದು ತೆರೆದುಕೊಳ್ಳೋಕೆ ಎನ್‌ವಿರಾನ್‌ಮೆಂಟ್ ವೇರಿಯಬಲ್ ಒಂದು ತಪ್ಪಾದ್ರೂ ಸಾಕು. ‘ಅದು ಸ್ಟೇಜಿಂಗ್ ಬಿಡಿ’ ಅಂತಾರೆ ಕೆಲವರು. ಆ ಸ್ಟೇಜಿಂಗ್ ಇಂಟರ್ನೆಟ್‌ಗೆ ತೆರೆದಿದ್ದು, ಅದರಲ್ಲಿ ಗ್ರಾಹಕರ ಅಸಲಿ ಡೇಟಾದ ಪ್ರತಿ ಕೂತಿದ್ರೆ?

ಹಾಗಾಗಿ ಕೋಡ್ ಕಳಿಸಬೇಡಿ, ಹೆಸರು ಕಳಿಸಿ. ‘ಹಳೇ ಆರ್ಡರ್ ತಯಾರಿಸು’ ಅನ್ನೋ ಒಂದು ಕಮಾಂಡ್, ಜೊತೆಗೆ ದಿನ ಎಷ್ಟು ಅನ್ನೋ ಸಂಖ್ಯೆ, ಅಷ್ಟೇ. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದ್ರೆ ಸರ್ವರ್ ತಿರಸ್ಕರಿಸಲಿ. ಆ ಫೈಲ್ ಪ್ರೊಡಕ್ಷನ್ ಬಿಲ್ಡ್‌ಗೆ ಸೇರಲೇಬಾರದು. ಒಂದು ಇಫ್ ಕಂಡೀಷನ್ ಹಾಕಿ ಸುಮ್ಮನಾಗೋದು ಸಾಲದು. ಟೆಸ್ಟ್ ಸರ್ವರ್ 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳಲಿ. ಪ್ರೊಡಕ್ಷನ್ ಬಿಲ್ಡ್ ಮೇಲೂ ಒಂದು ಟೆಸ್ಟ್ ಬರೀರಿ: ಆ ವಿಳಾಸಕ್ಕೆ ಹೋದ್ರೆ 404 ಬರಬೇಕು.

ಇನ್ನೊಂದು ಪ್ರಶ್ನೆ, ಟೆಸ್ಟ್ ಕೊನೆಗೆ ಡೇಟಾಬೇಸ್ ಇಣುಕಿ ನೋಡಬಹುದಾ ಅಂತ. ನನಗದು ಇಷ್ಟ ಇಲ್ಲ. ಸಿದ್ಧತೆ ಸರ್ವರ್‌ನಲ್ಲಿ ಮಾಡ್ಕೊಳ್ಳಿ, ಬಟನ್ ಒತ್ತೋದು, ಫಲ ನೋಡೋದು ಬ್ರೌಸರ್‌ನಲ್ಲಿರಲಿ. ಗ್ರಾಹಕರಿಗೆ ಇಮೇಲ್ ಹೋಯ್ತಾ ಅನ್ನೋ ಥರದ್ದು ಬೇರೆ. ಅದು ಪರದೆ ಮೇಲೆ ಕಾಣಲ್ಲವಲ್ಲ, ಅದನ್ನ ಸರ್ವರ್‌ಗೇ ಕೇಳಬೇಕು.