ಮನೆಯ ರೂಟರಿಗೆ ಹೊಸ ವಿಳಾಸ



ಹಳೆಯ ವಠಾರವೊಂದನ್ನು ನೆನೆಯಿರಿ. ಹತ್ತು ಸಂಸಾರಗಳಿಗೆ ಒಂದೇ ಬಾಗಿಲ ಸಂಖ್ಯೆ. ಅಂಚೆಯವನು ಕಾಗದಗಳನ್ನೆಲ್ಲ ಮುಂದಿನ ಮನೆಯಲ್ಲಿ ಕೊಟ್ಟು ಹೋಗುತ್ತಾನೆ. ಯಾವುದು ಯಾರಿಗೆಂದು ಅಲ್ಲಿನವರು ನೋಡಿ ಹಂಚುತ್ತಾರೆ. ಮನೆಯ ವೈ-ಫೈ ರೂಟರ್ ಮಾಡುತ್ತ ಬಂದಿರುವುದೂ ಇದನ್ನೇ. ಒಳಗೆ ಎಷ್ಟೇ ಮೊಬೈಲು, ಕಂಪ್ಯೂಟರುಗಳಿರಲಿ, ಹೊರಜಗತ್ತಿಗೆ ಕಾಣುವ ವಿಳಾಸ ಒಂದೇ.

ಹೀಗೇಕೆ? 1981ರಲ್ಲಿ ರೂಪುಗೊಂಡ ಐಪಿವಿ4 ಪದ್ಧತಿಯಲ್ಲಿ ವಿಳಾಸದ ಉದ್ದ 32 ಬಿಟ್. ಎರಡರ 32ನೆಯ ಘಾತವೆಂದರೆ ಸುಮಾರು 430 ಕೋಟಿ. ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ! 2011ರ ಫೆಬ್ರವರಿಯಲ್ಲಿ ಜಾಗತಿಕ ಭಂಡಾರದ ಕೊನೆಯ ವಿಳಾಸ ಗುಚ್ಛಗಳೂ ಹಂಚಿಹೋದವು. ಹೊಸ ಐಪಿವಿ6 ಪದ್ಧತಿಯಲ್ಲಿ ವಿಳಾಸದ ಉದ್ದ 128 ಬಿಟ್. ಒಟ್ಟು ವಿಳಾಸಗಳನ್ನು ಬರೆಯಲು 39 ಅಂಕಿಗಳು ಬೇಕು. ಆದ್ದರಿಂದ ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಸಾಧ್ಯ.

ಇದನ್ನು ಅಳವಡಿಸುವುದು ಹೇಗೆ? ರೂಟರಿನ ಕೆಳಭಾಗದಲ್ಲಿ ಸಾಮಾನ್ಯವಾಗಿ ಅಚ್ಚಾಗಿರುವ ವಿಳಾಸವನ್ನು ಬ್ರೌಸರಿನಲ್ಲಿ ಬರೆದು, ಪಾಸ್‌ವರ್ಡ್ ಕೊಟ್ಟು ಒಳಹೋಗಿ. ಈಗಿರುವ ಜೋಡಣೆಯನ್ನು ಮೊದಲು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಐಪಿವಿ6 ವಿಭಾಗ ತೆರೆದು, ಸಂಪರ್ಕ ಕೊಟ್ಟವರು ಹೇಳಿದ ಬಗೆಯನ್ನು ಆರಿಸಿ. ‘ಪ್ರಿಫಿಕ್ಸ್ ಡೆಲಿಗೇಷನ್’ ಎಂಬುದಿದ್ದರೆ ಚಾಲೂ ಮಾಡಿ. ಇದರಿಂದ ನಿಮ್ಮ ಮನೆಗೆ ಒಂದು ಬೀದಿಯೇ ಸಿಕ್ಕಂತೆ: ವಿಳಾಸದ ಮೊದಲ 64 ಬಿಟ್ ಬೀದಿಯ ಹೆಸರು, ಉಳಿದ 64 ಬಿಟ್ ಸಾಧನದ ಮನೆ ಸಂಖ್ಯೆ. ಐಪಿವಿ4ನ್ನು ಮಾತ್ರ ನಿಲ್ಲಿಸಬೇಡಿ. ಅದನ್ನೇ ನಂಬಿದ ತಾಣಗಳು ಇನ್ನೂ ಇವೆ. ಎರಡೂ ಜೊತೆಯಾಗಿ ನಡೆಯುತ್ತವೆ.

ಬಳಿಕ ಮೊಬೈಲಿನ ವಿಳಾಸವನ್ನು ನೋಡಿ. ‘ಎಫ್‌ಇ80’ ಎಂದು ಆರಂಭವಾಗುವುದು ಮನೆಯೊಳಗಿನ ಬಳಕೆಗೆ ಮಾತ್ರ. 2ರಿಂದ ಆರಂಭವಾಗುವುದೂ ಕಂಡರೆ ಹೊರಜಗತ್ತಿನ ವಿಳಾಸ ಬಂದಿತೆಂದು ತಿಳಿಯಿರಿ.

ಇಲ್ಲಿ ಒಂದು ಎಚ್ಚರ ಅಗತ್ಯ. ವಠಾರದಲ್ಲಿ ಹೊರಗಿನವನು ನೇರವಾಗಿ ಒಳಮನೆಗೆ ಬರಲಾರ. ಈಗಲಾದರೋ ಪ್ರತಿ ಮನೆಗೂ ಬೀದಿಬಾಗಿಲು. ಕೂಸಿನ ತೊಟ್ಟಿಲು ನೋಡಲು ಇಟ್ಟ ಕ್ಯಾಮರಾಕ್ಕೂ ಜಗತ್ತಿನ ಯಾವ ಮೂಲೆಯಿಂದಲಾದರೂ ಬಾಗಿಲು ತಟ್ಟಬಹುದು. ಚಿಲಕವೆಂದರೆ ರೂಟರಿನ ಫೈರ್‌ವಾಲ್. ಒಳಗಿನವರು ಕೇಳದೆ ಹೊರಗಿನಿಂದ ಬರುವ ಸಂಪರ್ಕವನ್ನು ಅದು ತಡೆಯುತ್ತದೆ. ಕೆಲವು ರೂಟರುಗಳಲ್ಲಿ ಐಪಿವಿ6ಕ್ಕೆ ಪ್ರತ್ಯೇಕ ಫೈರ್‌ವಾಲ್ ಗುಂಡಿ ಇರುತ್ತದೆ. ಅದು ಚಾಲೂ ಇದೆಯೇ ಎಂದು ಕಣ್ಣಾರೆ ನೋಡಿ. ಆಟ ಸರಾಗವಾಗಿ ಸಾಗಲಿಲ್ಲವೆಂದು ಅದನ್ನು ನಿಲ್ಲಿಸುವವರುಂಟು. ನೀವು ಹಾಗೆ ಮಾಡಬೇಡಿ.

ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಮಾಡಿ. ಚಿಲಕ ಎಲ್ಲಿದೆಯೆಂಬುದು ಅವರಿಗೂ ತಿಳಿದಿರಲಿ.