ಕೇಪು ನೋಡಲು ಒಂದೇ, ಬೆಂಕಿ ಬೇರೆ

ಮಲೆನಾಡು, ಕೊಡಗಿನ ಕಡೆಯಿಂದ ಬಂದವರಿಗೆ ಕೇಪಿನ ಕೋವಿ, ತೋಟಾ ಕೋವಿ ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಪಿನ ಕೋವಿಗೆ ನಳಿಗೆಯ ಬಾಯಿಯಿಂದ ಮದ್ದು ಜಡಿದು, ಹಿಂದೆ ಪುಟ್ಟ ಟೋಪಿಯಂಥ ಕೇಪು ಸಿಕ್ಕಿಸುತ್ತಾರೆ. ತೋಟಾ ಕೋವಿಯಲ್ಲಾದರೆ ಮದ್ದು, ಗುಂಡು, ಕೇಪು ಮೂರೂ ಒಂದೇ ತೋಟೆಯೊಳಗೆ. ತೋಟೆಯ ಬುಡದ ನಡುವೆ ಕೂತಿರುವ ಆ ಕೇಪಿಗೇ ಪ್ರೈಮರ್ ಎಂದು ಹೆಸರು. ಇಂದಿನ ಮಾತು ಅದರ ಕುರಿತು.

ಈ ವಿಷಯ ಯಾಕೆ ಬಂತೆಂದರೆ, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಕೆಲವು ಕೇಳುಗರು, ಅಲ್ಲಿ ನೆರೆಮನೆಯವರು ಗ್ಯಾರೇಜಿನಲ್ಲಿ ಕೂತು ತಾವೇ ತೋಟೆ ತುಂಬುವುದನ್ನು ಕಂಡು ಬೆರಗಾಗಿ ಬರೆದಿದ್ದರು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅಲ್ಲಿ ಅದು ಲಕ್ಷಾಂತರ ಜನರ ಹವ್ಯಾಸ. ಒಮ್ಮೆ ಹೊಡೆದ ಹಿತ್ತಾಳೆಯ ಖೋಲನ್ನು ತೊಳೆದು, ಹಳೆಯ ಕೇಪು ಕಿತ್ತು, ಹೊಸದನ್ನು ಒತ್ತಿ, ಮದ್ದು ಅಳೆದು ಸುರಿದು, ಮೇಲೆ ಗುಂಡು ಕೂರಿಸುತ್ತಾರೆ. ದುಡ್ಡು ಉಳಿಯುತ್ತದೆ, ಗುರಿಯೂ ನಿಖರವಾಗುತ್ತದೆ ಎಂಬುದು ಅವರ ವಾದ.

ಕೇಪಿನ ಹುಟ್ಟು ಸ್ವಾರಸ್ಯವಾಗಿದೆ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬಲ್ಲಿ ಅಲೆಕ್ಸಾಂಡರ್ ಫಾರ್ಸೈತ್ ಎಂಬ ಪಾದ್ರಿಗೆ ಹಕ್ಕಿ ಬೇಟೆಯ ಗೀಳು. ಚಕಮಕಿ ಕಲ್ಲಿನ ಕೋವಿಯಲ್ಲಿ ಮೊದಲು ಕಿಡಿ ಹಾರಿ, ಆಮೇಲೆ ಗುಂಡು ಹೊರಡುತ್ತಿತ್ತು. ಆ ಕಿಡಿ ಕಂಡ ಹಕ್ಕಿ ಪರಾರಿ. ಪಾದ್ರಿಗಳು ರೇಗಿ, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದ ಬೆನ್ನು ಹತ್ತಿದರು. 1807ರಲ್ಲಿ ಪೇಟೆಂಟನ್ನೂ ಪಡೆದರು. ದೇವರ ಸೇವಕರಿಗೆ ಈ ಉಸಾಬರಿ ಯಾಕಿತ್ತೋ! ಅವರ ತತ್ವವೇ ಮುಂದೆ ಕೇಪಾಯಿತು, ಕೇಪು ತೋಟೆಯೊಳಗೆ ಸೇರಿತು.

ಈಗ ಅಸಲು ವಿಷಯ. ಅಂಗಡಿಯಲ್ಲಿ ಪ್ರೈಮರ್ ಎರಡು ಬಗೆ: ಸ್ಟ್ಯಾಂಡರ್ಡ್ ಮತ್ತು ಮ್ಯಾಗ್ನಮ್. ದೊಡ್ಡ ರೈಫಲ್ ಪ್ರೈಮರುಗಳನ್ನೇ ತೆಗೆದುಕೊಳ್ಳಿ. ಎರಡರ ಅಡ್ಡಳತೆಯೂ ಸುಮಾರು 5.3 ಮಿಲಿಮೀಟರ್. ಡಬ್ಬಿಯಿಂದ ಹೊರಗೆ ತೆಗೆದಿಟ್ಟರೆ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದೇ ಕಷ್ಟ. ವ್ಯತ್ಯಾಸ ಇರುವುದು ಒಳಗಿನ ಮಸಾಲೆಯಲ್ಲಿ. ಸೀಸದ ಸ್ಟಿಫ್ನೇಟ್, ಬೇರಿಯಂ ನೈಟ್ರೇಟ್ ಮುಂತಾದವುಗಳ ಮಿಶ್ರಣ ಅದು. ಮ್ಯಾಗ್ನಮ್‌ನಲ್ಲಿ ಮಸಾಲೆ ಹೆಚ್ಚಿರುತ್ತದೆ, ಇಲ್ಲವೇ ಅಲ್ಯೂಮಿನಿಯಂನಂಥ ಲೋಹದ ಪುಡಿ ಬೆರೆತಿರುತ್ತದೆ. ಜ್ವಾಲೆ ಹೆಚ್ಚು ಬಿಸಿ, ಉರಿಯುವ ಹೊತ್ತೂ ತುಸು ಹೆಚ್ಚು.

ಬಚ್ಚಲ ಒಲೆಗೆ ಉರಿ ಹಾಕಿದವರಿಗೆ ಇದು ಬೇಗ ಅರ್ಥವಾದೀತು. ಒಣಗಿದ ತೆಂಗಿನಗರಿಗೆ ಒಂದು ಕಡ್ಡಿ ಗೀರಿದರೆ ಸಾಕು. ಮಳೆಗಾಲದ ಹುಣಸೆ ಕೊರಡಿಗೆ ಅದೇ ಕಡ್ಡಿ ಏನೂ ಮಾಡಲಾರದು, ಸೀಮೆಎಣ್ಣೆ ಬೇಕು. ಮದ್ದುಗಳಲ್ಲೂ ಹಾಗೆಯೇ. ಬೇಗ ಉರಿಯುವ ಮದ್ದು ಸ್ವಲ್ಪವೇ ಇದ್ದರೆ ಸ್ಟ್ಯಾಂಡರ್ಡ್ ಪ್ರೈಮರ್ ಧಾರಾಳ. ನಿಧಾನವಾಗಿ ಉರಿಯುವ ಮದ್ದು ದೊಡ್ಡ ಖೋಲಿನ ತುಂಬ ಇದ್ದರೆ, ಅದರಲ್ಲೂ ಸಾಸಿವೆಯಂತೆ ದುಂಡಗಿನ ಕಾಳಿನ ಬಾಲ್ ಪೌಡರ್ ಆಗಿದ್ದರೆ, ಮ್ಯಾಗ್ನಮ್ ಬೇಕಾಗಬಹುದು. ಆ ಕಾಳುಗಳ ಮೇಲೆ ಉರಿ ತಡೆಯುವ ಲೇಪನ ಇರುತ್ತದೆ. ಒತ್ತಾಗಿ ಕೂರುವುದರಿಂದ ನಡುವೆ ಜ್ವಾಲೆ ನುಗ್ಗಲು ಸಂದು ಕಡಿಮೆ. ಅಲಾಸ್ಕ, ಮೊಂಟಾನದ ಕೊರೆಯುವ ಚಳಿಯಲ್ಲಿ ಬೇಟೆಗೆ ಹೋಗುವವರಿಗೂ ಇದೇ ಲೆಕ್ಕ.

ಹೆಸರನ್ನು ನಂಬಿ ಕೊಳ್ಳುವವರೂ ಇದ್ದಾರೆ. ತೋಟೆಯ ಹೆಸರಲ್ಲಿ ಮ್ಯಾಗ್ನಮ್ ಇದ್ದಮಾತ್ರಕ್ಕೆ ಪ್ರೈಮರೂ ಮ್ಯಾಗ್ನಮ್ಮೇ ಆಗಬೇಕೆಂದಿಲ್ಲ. 1935ರಲ್ಲಿ ಬಂದ .357 ಮ್ಯಾಗ್ನಮ್ ಪಿಸ್ತೂಲು ತೋಟೆಯಲ್ಲಿ ಬೇಗ ಉರಿಯುವ ಮದ್ದು ತುಂಬಿದರೆ ಸ್ಟ್ಯಾಂಡರ್ಡ್ ಸಾಕು. ನಿಧಾನದ ಬಾಲ್ ಪೌಡರ್ ತುಂಬಿದರೆ ಮ್ಯಾಗ್ನಮ್ ಬೇಕು. ತೀರ್ಮಾನ ಮದ್ದಿನದು. ಮ್ಯಾಗ್ನಮ್ ಎಂದರೆ ಲ್ಯಾಟಿನ್ನಿನಲ್ಲಿ ದೊಡ್ಡದು ಎಂದಷ್ಟೇ ಅರ್ಥ. ಒಂದೂವರೆ ಲೀಟರಿನ ಶಾಂಪೇನ್ ಬಾಟಲಿಗೂ ಅದೇ ಹೆಸರು!

ಈ ಆಯ್ಕೆ ಬರೀ ಹವ್ಯಾಸಿಗಳ ಹರಟೆಯಾಗಿ ಉಳಿಯದೆ ಕೈ, ಕಣ್ಣುಗಳ ಪ್ರಶ್ನೆಯಾದದ್ದು 2020ರಲ್ಲಿ. ಕೋವಿಡ್ ಕಾಲದಲ್ಲಿ ಅಮೆರಿಕನ್ನರು ಬಂದೂಕು ಅಂಗಡಿಗಳಿಗೆ ಮುಗಿಬಿದ್ದರು. ಅದೇ ವರ್ಷ ರೆಮಿಂಗ್ಟನ್ ಕಂಪನಿ ದಿವಾಳಿಗೆ ಅರ್ಜಿ ಹಾಕಿತು. ಪ್ರೈಮರ್ ಕಪಾಟುಗಳು ಬರಿದಾದವು. 30-40 ಡಾಲರಿಗೆ ಸಿಗುತ್ತಿದ್ದ ಸಾವಿರದ ಪೆಟ್ಟಿಗೆ 100 ಡಾಲರ್ ದಾಟಿತು. ಸ್ಟ್ಯಾಂಡರ್ಡ್ ಹುಡುಕಿ ಹೋದವನಿಗೆ ಮ್ಯಾಗ್ನಮ್ ಮಾತ್ರ ಸಿಕ್ಕರೆ ಏನು ಮಾಡಬೇಕು? ಅಳತೆ ಸರಿಯಾಗಿದೆ, ಖೋಲಿನಲ್ಲಿ ಕೂರುತ್ತದೆ, ನಡೆದೀತು ಎನಿಸುತ್ತದೆ. ಆದರೆ ಮೊದಲೇ ಗರಿಷ್ಠ ಮಟ್ಟಕ್ಕೆ ಮದ್ದು ತುಂಬಿದ ತೋಟೆಗೆ ಆ ಬಿಸಿ ಜ್ವಾಲೆ ಸೇರಿದರೆ ಒಳಗಿನ ಒತ್ತಡ ಮಿತಿ ಮೀರಬಹುದು. ಒಡೆಯುವುದು ಹಿತ್ತಾಳೆಯ ಖೋಲು, ಕೆಲವೊಮ್ಮೆ ಬಂದೂಕೇ. ಮುಖ ಇರುವುದು ಅದರಿಂದ ಒಂದು ಗೇಣಿನ ಆಚೆ. ಆದ್ದರಿಂದ ಯಾವ ಭಾಗವನ್ನು ಬದಲಿಸಿದರೂ ಮದ್ದನ್ನು ಕೈಪಿಡಿಯಲ್ಲಿ ಹೇಳಿದ ಆರಂಭದ ಪ್ರಮಾಣಕ್ಕೆ ಇಳಿಸಿ, ಒತ್ತಡದ ಗುರುತು ನೋಡುತ್ತ, ಮೆಲ್ಲಗೆ ಏರಿಸಬೇಕೆಂಬುದು ಅಲ್ಲಿನ ಅನುಭವಿಗಳ ಕಟ್ಟಪ್ಪಣೆ. ಕೆಲವು ಮದ್ದುಗಳನ್ನು ಹಾಗೆ ಇಳಿಸುವುದೂ ಅಪಾಯವೇ. ಹಾಗಾಗಿ ಕೈಪಿಡಿ ಪಕ್ಕದಲ್ಲಿರಲೇಬೇಕು.

ತಿರುಗಾಮುರುಗಾ ಆದರೂ ಗೊತ್ತಲ್ಲ: ಮ್ಯಾಗ್ನಮ್ ಬೇಕಾದಲ್ಲಿ ಸ್ಟ್ಯಾಂಡರ್ಡ್ ಹಾಕಿದರೆ ಮದ್ದು ಸರಿಯಾಗಿ ಹೊತ್ತುವುದಿಲ್ಲ. ಟ್ರಿಗರ್ ಎಳೆದರೆ ಬರೀ ಟಿಕ್ ಎನ್ನುತ್ತದೆ. ಆಗ ಬಂದೂಕು ತಿರುಗಿಸಿ ಬಾಯಿ ನೋಡುವವನಿಗೆ ಕೇಡುಗಾಲ. ಮದ್ದು ತಡವಾಗಿ ಹೊತ್ತಿ ಗುಂಡು ಹೊರಡಬಹುದು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕೆಂಬುದು ನಿಯಮ.

ಅಮೆರಿಕದ ಆ ಗ್ಯಾರೇಜುಗಳಿಗೆ ಮತ್ತೆ ಹೋಗುವವರು ಮೇಜಿನ ಮೇಲೊಮ್ಮೆ ಕಣ್ಣಾಡಿಸಿ. ಎಚ್ಚರವುಳ್ಳವನ ಮೇಜಿನಲ್ಲಿ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ, ಒಂದೇ ಪ್ರೈಮರ್ ಪೆಟ್ಟಿಗೆ ಇರುತ್ತದೆ. ಉಳಿದ ಪ್ರೈಮರುಗಳು ಅದರದೇ ಡಬ್ಬಿಗೆ ಮರಳುತ್ತವೆ, ಹಾರ್ಲಿಕ್ಸ್ ಬಾಟಲಿಗಲ್ಲ. ತುಂಬಿದ ತೋಟೆಗಳ ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ ತಾರೀಕು, ಮದ್ದಿನ ಹೆಸರು, ತೂಕ, ಪ್ರೈಮರ್ ಯಾವುದು ಎಂದು ಬರೆದಿರುತ್ತದೆ. ಚೀಟಿ ಇಲ್ಲದ ಪೆಟ್ಟಿಗೆ ಕಂಡರೆ, ಬನ್ನಿ ಅಂಕಲ್, ಒಂದು ಗುಂಡು ಹೊಡೆದು ನೋಡಿ ಎಂದು ಎಷ್ಟೇ ಪ್ರೀತಿಯಿಂದ ಕರೆದರೂ ಚಹಾ ಕುಡಿದು ಎದ್ದುಬನ್ನಿ.