ಒಕ್ಕೂಟ ಬಿಟ್ಟ ಬ್ರಿಟನ್, ಕೈಬಿಟ್ಟ ರೈತ

(ಹೋಬಳಿ ಮಟ್ಟದ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಲೆಯ ಮಾತು, ಸಾಲದ ಮಾತು ಆಡಲು ಸೇರಿದ್ದೇವೆ. ನಾನು ಇಂಗ್ಲೆಂಡಿನ ವಿಷಯ ಎತ್ತಿದರೆ, ‘ನಮ್ಮೂರ ಸಂತೆ ಬಿಟ್ಟು ಈ ಮನುಷ್ಯನಿಗೆ ಲಂಡನ್ನಿನ ಸಂತೆ ಯಾಕಪ್ಪ’ ಎಂದು ನೀವು ನಗಬಹುದು. ನಗಿ, ಬೇಡ ಅನ್ನೋದಿಲ್ಲ. ನಕ್ಕು ಮುಗಿದ ಮೇಲೆ ಸ್ವಲ್ಪ ಕಿವಿಗೊಡಿ.

ಬ್ರಿಟನ್ 1973ರಲ್ಲಿ ಯೂರೋಪಿನ ಒಕ್ಕೂಟ ಸೇರಿತು. ಆ ಒಕ್ಕೂಟಕ್ಕೆ ಹೊರಗಿನ ಮಾಂಸ, ಬೆಣ್ಣೆ, ಧಾನ್ಯದ ಮೇಲೆ ದೊಡ್ಡ ಸುಂಕವಿತ್ತು. ಒಳಗಿನ ರೈತನಿಗೆ ಸರ್ಕಾರದ ಹಣವಿತ್ತು. ಕೊನೆಕೊನೆಗೆ ಆ ಹಣವನ್ನು ಜಮೀನಿನ ಅಳತೆಯ ಮೇಲೆ ಹಂಚುತ್ತಿದ್ದರು. ಹೆಚ್ಚು ಜಮೀನಿದ್ದವನಿಗೆ ಹೆಚ್ಚು ಹಣ ಎಂಬ ಈ ಲೆಕ್ಕ ನನಗೇನೂ ನ್ಯಾಯವಾಗಿ ಕಾಣುವುದಿಲ್ಲ. ಆದರೂ ವೇಲ್ಸಿನ ಗುಡ್ಡದಲ್ಲಿ ಕುರಿ ಸಾಕುವ ಅನೇಕರಿಗೆ ಆ ಹಣ ಕಳೆದರೆ ಲಾಭ ಅನ್ನುವುದೇ ಉಳಿಯುತ್ತಿರಲಿಲ್ಲ.

2016ರ ಜೂನ್‌ನಲ್ಲಿ ಜನಮತ ನಡೆಯಿತು. ಬಿಡೋಣ ಅಂದವರು ನೂರಕ್ಕೆ 52, ಇರೋಣ ಅಂದವರು 48. ಬಿಡೋಣ ಅಂದವರಲ್ಲಿ ರೈತರೂ ಬಹಳ ಮಂದಿ ಇದ್ದರು. ಒಕ್ಕೂಟದ ಕಚೇರಿಯ ಕಾಗದಪತ್ರ, ತಪಾಸಣೆ ಅವರಿಗೆ ಸಾಕಾಗಿಹೋಗಿತ್ತು. ನಮ್ಮ ತಾಲ್ಲೂಕು ಕಚೇರಿಗೆ ಅಲೆದವರಿಗೆ ಅವರ ಸಿಟ್ಟು ಅರ್ಥವಾಗದೆ ಇರುತ್ತದೆಯೆ? 2020ರ ಜನವರಿ 31ಕ್ಕೆ ಹೊರಬಂದರು. ಇಂಗ್ಲೆಂಡಿನಲ್ಲಿ ಹಳೆಯ ಹಣವನ್ನು 2021ರಿಂದ ವರ್ಷವರ್ಷ ಕಡಿಮೆ ಮಾಡುತ್ತ ಬಂದರು. ಅದರ ಬದಲು ಪರಿಸರ ಕಾಪಾಡುವ ರೈತನಿಗೆ ಹಣ ಎಂದು ಹೊಸ ಯೋಜನೆ ತಂದರು. 2025ರ ಮಾರ್ಚ್‌ನಲ್ಲಿ ಅದರ ಮುಖ್ಯ ಭಾಗಕ್ಕೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ಒಂದೇ ದಿನದಲ್ಲಿ ನಿಲ್ಲಿಸಿಬಿಟ್ಟರು.

ಇನ್ನು ವ್ಯಾಪಾರದ ಒಪ್ಪಂದಕ್ಕೆ ಬರೋಣ. ಅಸಲು ಕಥೆ ಇರುವುದು ಇಲ್ಲೇ.

ನೀವೆಲ್ಲ ದನದ ಜಾತ್ರೆ ನೋಡಿದವರು. ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವಾಗ ‘ನಾನು ಹೊತ್ತು ಮುಳುಗುವ ಮೊದಲು ಊರಿಗೆ ಹೋಗಬೇಕು’ ಎಂದು ಬಾಯಿಬಿಟ್ಟವನ ಗತಿ ಏನಾಗುತ್ತದೆ? ದಲ್ಲಾಳಿ ನಿಧಾನ ಮಾಡುತ್ತಾನೆ, ಹೊತ್ತು ಮುಳುಗುತ್ತದೆ, ಎತ್ತು ಅರ್ಧ ರೇಟಿಗೆ ಹೋಗುತ್ತದೆ. ಬ್ರಿಟನ್ ಮಾಡಿದ್ದೂ ಇದನ್ನೇ. 2021ರ ಜೂನ್‌ನಲ್ಲಿ ಕಾರ್ನ್‌ವಾಲ್‌ನಲ್ಲಿ ದೊಡ್ಡ ದೇಶಗಳ ಸಭೆ ಇತ್ತು. ಅಷ್ಟರೊಳಗೆ ಆಸ್ಟ್ರೇಲಿಯಾದ ಒಪ್ಪಂದ ಕುದುರಿಸಿ ತೋರಿಸಬೇಕು ಅಂತ ಹಟ ಹಿಡಿದರು. ನಾನು ಕಟ್ಟಿ ಹೇಳುತ್ತಿರುವುದಲ್ಲ. ಆಗ ಕೃಷಿ ಇಲಾಖೆಯ ಮಂತ್ರಿಯಾಗಿದ್ದ ಜಾರ್ಜ್ ಯೂಸ್ಟಿಸ್, ಕುರ್ಚಿ ಹೋದ ಮೇಲೆ, 2022ರ ನವೆಂಬರ್‌ನಲ್ಲಿ ಪಾರ್ಲಿಮೆಂಟಿನಲ್ಲೇ ಎದ್ದುನಿಂತು ಇದು ಬ್ರಿಟನ್ನಿಗೆ ಅಷ್ಟೇನೂ ಒಳ್ಳೆ ಒಪ್ಪಂದವಲ್ಲ, ಕೊಟ್ಟದ್ದೇ ಜಾಸ್ತಿಯಾಯಿತು ಅಂತ ಒಪ್ಪಿಕೊಂಡರು. ಕುರ್ಚಿಯಲ್ಲಿದ್ದಾಗ ಬಾಯಿಗೆ ಬಾರದ ಸತ್ಯ ಇಳಿದ ಮೇಲೆ ಬಂತು! ನಮ್ಮ ಮಂತ್ರಿಗಳೂ ಇದರಲ್ಲಿ ಹಿಂದೆ ಬಿದ್ದವರಲ್ಲ ಬಿಡಿ.

ಕೊಟ್ಟದ್ದು ಎಷ್ಟು? 2023ರ ಮೇ 31ರಂದು ಒಪ್ಪಂದ ಜಾರಿಗೆ ಬಂತು. ಆಸ್ಟ್ರೇಲಿಯಾದ ದನದ ಮಾಂಸ ಮೊದಲಿಗೆ ವರ್ಷಕ್ಕೆ 35,000 ಟನ್ ಸುಂಕವಿಲ್ಲದೆ ಬರಬಹುದು, ಹತ್ತನೆಯ ವರ್ಷಕ್ಕೆ 1,10,000 ಟನ್. ಕುರಿ ಮಾಂಸ 25,000ದಿಂದ 75,000 ಟನ್. ಅದೇ ದಿನ ನ್ಯೂಜಿಲೆಂಡಿಗೂ ಬಾಗಿಲು ತೆರೆದರು. ಇಷ್ಟು ಕೊಟ್ಟು ದೇಶಕ್ಕೆ ಬರುವುದೇನು? ಆಸ್ಟ್ರೇಲಿಯಾದ ಒಪ್ಪಂದದಿಂದ 2035ರ ಹೊತ್ತಿಗೆ ರಾಷ್ಟ್ರದ ಉತ್ಪನ್ನ ನೂರಕ್ಕೆ 0.08ರಷ್ಟು ಹೆಚ್ಚಬಹುದು ಅಂತ ಅವರ ಸರ್ಕಾರವೇ ಲೆಕ್ಕ ಕೊಟ್ಟಿತ್ತು. ನೂರು ರೂಪಾಯಿಗೆ ಎಂಟು ಪೈಸೆ.

ಮಾಂಸ ಇನ್ನೂ ಪ್ರವಾಹದಂತೆ ಬಂದಿಲ್ಲವಲ್ಲ ಎಂದು ಅಲ್ಲಿನ ಅಧಿಕಾರಿಗಳು ಹೇಳುತ್ತಾರೆ. ನಿಜ, ಯಾಕೆಂದರೆ ನ್ಯೂಜಿಲೆಂಡಿನ ಕುರಿ ಮಾಂಸಕ್ಕೆ ಚೀನಾ ದೊಡ್ಡ ಗಿರಾಕಿ. ಚೀನಾ ಕೊಳ್ಳುವುದು ಬಿಟ್ಟ ದಿನ ಆ ಮಾಂಸ ಎಲ್ಲಿಗೆ ಹೋಗುತ್ತದೆ? ತೆರೆದ ಬಾಗಿಲು ಇರುವ ಕಡೆಗೆ ತಾನೆ?

ಇನ್ನೊಂದು ಅನ್ಯಾಯ ಕೇಳಿ. ನಮ್ಮಲ್ಲಿ ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ಗೊತ್ತಲ್ಲ, ಬ್ರಿಟನ್ನಿನ ರೈತ ಅದನ್ನು ಮುಟ್ಟುವಂತಿಲ್ಲ, 2007ರಿಂದ ನಿಷೇಧ. ಒಪ್ಪಂದಕ್ಕೆ ಸಹಿ ಬಿದ್ದಾಗ ಆಸ್ಟ್ರೇಲಿಯಾದಲ್ಲಿ ಅದನ್ನು ಧಾರಾಳವಾಗಿ ಬಳಸುತ್ತಿದ್ದರು. ಗಡಿಯಲ್ಲೂ ಇದೇ ತಾರತಮ್ಯ. ಬ್ರಿಟನ್ನಿನ ಮಾಂಸ, ಗಿಣ್ಣು, ಮೀನನ್ನು ಯೂರೋಪಿನವರು 2021ರ ಜನವರಿ 1ರಿಂದಲೇ ನಿಲ್ಲಿಸಿ ತಪಾಸಣೆ ಮಾಡಿದರು. ಯೂರೋಪಿನಿಂದ ಬರುವ ಮಾಲನ್ನು ಬ್ರಿಟನ್ ಸರ್ಕಾರ ಬಂದರಿನಲ್ಲಿ ಬಿಚ್ಚಿ ನೋಡಲು ಶುರು ಮಾಡಿದ್ದು 2024ರ ಏಪ್ರಿಲ್‌ನಲ್ಲಿ! ಮೂರು ವರ್ಷಕ್ಕೂ ಮೇಲೆ ತನ್ನ ರೈತನಿಗೆ ಒಂದು ಕಾನೂನು, ಹೊರಗಿನವನಿಗೆ ಇನ್ನೊಂದು.

ಆ ದೇಶಕ್ಕೆ ಇದು ಹೊಸದಲ್ಲ. 1846ರಲ್ಲಿ ಗಿರಣಿ ಮಾಲೀಕರ ಒತ್ತಾಯಕ್ಕೆ ಧಾನ್ಯದ ಸುಂಕ ತೆಗೆದರು. ಕೂಲಿಗಾರನಿಗೆ ರೊಟ್ಟಿ ಅಗ್ಗವಾದರೆ ಕೂಲಿಯೂ ಅಗ್ಗ ಅನ್ನುವುದು ಅವರ ಲೆಕ್ಕ. 1870ರ ನಂತರ ಅಮೆರಿಕದ ಗೋಧಿ ರೈಲು, ಹಡಗು ಹತ್ತಿ ಬಂದು ಸುರಿಯಿತು, ಇಂಗ್ಲೆಂಡಿನ ಗೋಧಿ ಹೊಲಗಳು ಹುಲ್ಲು ಬೆಳೆದವು. ಆಮೇಲೆ ಎರಡು ಮಹಾಯುದ್ಧ. ಜರ್ಮನಿಯ ಜಲಾಂತರ್ಗಾಮಿಗಳು ಹಡಗು ಮುಳುಗಿಸತೊಡಗಿದಾಗ ರೈತನ ನೆನಪಾಯಿತು. ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ಆ ಹಸಿವಿನ ಭಯದಲ್ಲೇ 1947ರಲ್ಲಿ ಕಾನೂನು ತಂದು ಮುಖ್ಯ ಬೆಳೆಗಳಿಗೆ, ಹಾಲಿಗೆ, ಮಾಂಸಕ್ಕೆ ಖಾತರಿ ಬೆಲೆ ಕೊಟ್ಟರು. ಗಮನಿಸಿ, ಕಾನೂನಿನ ಮೂಲಕ. ನಾವು ಬೆಂಬಲ ಬೆಲೆಗೆ ಕಾನೂನು ಕೇಳಿದರೆ ‘ಯಾವ ದೇಶದಲ್ಲಿದೆ ತೋರಿಸಿ’ ಅನ್ನುವ ಅರ್ಥಶಾಸ್ತ್ರಜ್ಞರಿಗೆ ಇದನ್ನು ಹೇಳಿ.

ಕೊನೆಗೆ ಹಲ್ ಪಟ್ಟಣದ ಮಾತು. ಅದರ ಹತ್ತಿರ ಗೋಧಿಯಿಂದ ಎಥೆನಾಲ್ ಮಾಡುವ ದೊಡ್ಡ ಕಾರ್ಖಾನೆ ಇತ್ತು. ರೊಟ್ಟಿಗೆ ಆಗದ ಗೋಧಿಯನ್ನು ಸುತ್ತಲ ರೈತರು ಅಲ್ಲಿಗೆ ಹಾಕುತ್ತಿದ್ದರು, ಉಳಿದ ಚರಟ ದನಗಳಿಗೆ ಮೇವಾಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಜೊತೆ ಒಪ್ಪಂದವಾಯಿತು. ಕಾರು, ಉಕ್ಕಿನ ಮೇಲಿನ ಅಮೆರಿಕದ ಸುಂಕ ಇಳಿಸಿಕೊಳ್ಳುವ ಗಡಿಬಿಡಿಯಲ್ಲಿ 140 ಕೋಟಿ ಲೀಟರ್ ಅಮೆರಿಕದ ಎಥೆನಾಲಿಗೆ ಸುಂಕ ಮಾಫಿ ಮಾಡಿದರು. ಇಡೀ ಬ್ರಿಟನ್ ಒಂದು ವರ್ಷಕ್ಕೆ ಬಳಸುವುದೇ ಹೆಚ್ಚುಕಡಿಮೆ ಅಷ್ಟು. ಆಗಸ್ಟ್‌ನಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಅದೇ ಆಗಸ್ಟ್ 19ರಿಂದ ನಮ್ಮ ಕೇಂದ್ರ ಸರ್ಕಾರ ಹತ್ತಿಯ ಮೇಲಿನ ನೂರಕ್ಕೆ 11ರ ಆಮದು ಸುಂಕ ತೆಗೆಯಿತು, ಹೊಸ ಹತ್ತಿ ಮಾರುಕಟ್ಟೆಗೆ ಬರುವ ಡಿಸೆಂಬರ್‌ವರೆಗೂ. ರಾಯಚೂರು, ಹಾವೇರಿಯವರು ಇಲ್ಲಿದ್ದರೆ ಅವರಿಗೆ ನಾನು ಹೇಳಬೇಕಾದ್ದಿಲ್ಲ. ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ಮೆಕ್ಕೆಜೋಳದ ರೈತರು ಬೀದಿಗಿಳಿದಾಗ ಬೆಂಬಲ ಬೆಲೆ ಕಾಗದದ ಮೇಲೆ ಕ್ವಿಂಟಲಿಗೆ 2,400 ರೂಪಾಯಿ ಇತ್ತು, ಮಂಡಿಯಲ್ಲಿ ಇರಲಿಲ್ಲ. ನಮ್ಮ ಮೆಕ್ಕೆಜೋಳಕ್ಕೂ ಎಥೆನಾಲ್ ಕಾರ್ಖಾನೆಯೇ ಗಿರಾಕಿ ಅನ್ನುವುದನ್ನು ನೆನಪಿಡಿ.

2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹದಿನಾರು ದೇಶಗಳ ಒಪ್ಪಂದದಿಂದ ಹಿಂದೆ ಸರಿಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬರುತ್ತದೆ ಎಂದು ಹಾಲು ಹಾಕುವವರು ದೇಶದ ತುಂಬ ಕೂಗೆಬ್ಬಿಸಿದ್ದರು. ಆ ಕೂಗು ಇನ್ನೂ ದೆಹಲಿಯ ಕಿವಿಯಲ್ಲಿದೆ ಅಂತ ಕಾಣುತ್ತದೆ. 2025ರ ಜುಲೈ 24ರಂದು ಬ್ರಿಟನ್ನಿನ ಜೊತೆಯೇ ಸಹಿ ಹಾಕಿದಾಗ ಹಾಲು, ಸೇಬು, ಅಡುಗೆ ಎಣ್ಣೆಯನ್ನು ಹೊರಗಿಟ್ಟರು. ವಿಸ್ಕಿಗೆ ಮಾತ್ರ 150ರ ಸುಂಕವನ್ನು ಹಂತಹಂತವಾಗಿ 40ಕ್ಕೆ ಇಳಿಸಲು ಒಪ್ಪಿದರು. ಕುಡಿಯುವವರು ಕುಡಿಯಲಿ. ಅಮೆರಿಕ ಕೇಳುತ್ತಿರುವುದು ಮೆಕ್ಕೆಜೋಳಕ್ಕೆ, ಸೋಯಾಕ್ಕೆ, ಹಾಲಿಗೆ ದಾರಿ. ಈ ಮೂರನ್ನೂ ಬೆಳೆಯುವ, ಕರೆಯುವ ಮನೆಗಳು ಈ ಹೋಬಳಿಯಲ್ಲಿ ಎಷ್ಟಿವೆ? ಹಳ್ಳಿವಾರು ಪಟ್ಟಿ ಮಾಡಿ, ಈ ವರ್ಷ ಮಾರಿದ ರಸೀದಿಗಳನ್ನೂ ಜೋಡಿಸಿ ಮುಂದಿನ ಸಭೆಗೆ ತನ್ನಿ. ಅದನ್ನು ಹಿಡಿದುಕೊಂಡೇ ನಮ್ಮ ಎಂ.ಪಿ. ಮನೆಗೆ ಹೋಗೋಣ.